ಹಳೆಯ ಲ್ಯಾಪ್‌ಟಾಪ್‌ಗೆ ಮೊದಲು ರ‍್ಯಾಮೋ, ಎಸ್‌ಎಸ್‌ಡಿಯೋ?

ಅಡಿಕೆಚೀಲ:
ಶಿರಸಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಬ್ಯಾಂಕಿನ ಅರ್ಜಿ ಎಲ್ಲವೂ 2014ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪಿನಲ್ಲಿ. ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ), 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಗುಂಡಿ ಒತ್ತಿ, ಅಂಗಡಿ ಗುಡಿಸಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಬಂದರೂ ಚಕ್ರ ಸುತ್ತುತ್ತಲೇ ಇರುತ್ತದೆ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಜೊತೆಗೆ ಬ್ರೌಸರ್ ತೆರೆದರೆ ಮುಗಿಯಿತು. ಮೊನ್ನೆ ಮದುಮಗಳ ಹೆಸರು ತಿದ್ದಿಸಲು ಬಂದವರು ಕಾದು ಕಾದು, "ಪೆನ್ನಿನಲ್ಲೇ ತಿದ್ದಿಕೊಡಿ ಮಾರಾಯರೇ" ಎಂದರು. ಹೊಸದನ್ನು ಕೊಳ್ಳೋಣವೆಂದರೆ ಆಷಾಢ ಎದುರಿಗಿದೆ; ಲಗ್ನಪತ್ರಿಕೆಯೂ ಇಲ್ಲ, ಹಣವೂ ಇಲ್ಲ. ಹೆಚ್ಚಿನ ರ‍್ಯಾಮ್, ಇಲ್ಲವೇ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲಿ ಕಡತ ಇಡುವ ವೇಗದ ಡಿಸ್ಕ್), ಈ ಎರಡರಲ್ಲಿ ಒಂದನ್ನು ಹಾಕಿಸುವುದಾದರೆ ಯಾವುದು?

ಗಿರಗಿಟ್ಲೆ:
ಎಸ್‌ಎಸ್‌ಡಿ. ಕಣ್ಣು ಮುಚ್ಚಿ ಹಾಕಿಸಿ.

ತಿರುಪು:
ಕಣ್ಣು ಬಿಟ್ಟೇ ಹಾಕಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಸುಮ್ಮನೆ ಕುಳಿತಾಗಲೂ ಡಿಸ್ಕ್ 100% ತೋರಿಸುತ್ತಿದ್ದರೆ ಕಳ್ಳ ಸಿಕ್ಕಿದ. ಇಂಥ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಚೂರುಪಾರು ಕಡತಗಳಿಗಾಗಿ ಅದರ ಮುಳ್ಳು ಅತ್ತಿಂದಿತ್ತ ಅಲೆಯುತ್ತದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಿನದನ್ನು ಸುರಿಯುವುದೂ ಅದೇ ತಟ್ಟೆಗೆ. ಹಾಗಾಗಿ ಎಸ್‌ಎಸ್‌ಡಿ ಹಾಕಿದರೆ ರ‍್ಯಾಮಿನ ಕೊರತೆಯೂ ಅಷ್ಟು ಚುಚ್ಚುವುದಿಲ್ಲ. 2.5 ಇಂಚಿನ ಸಾಟಾ (ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ ಬಗೆ) ಎಂದೇ ಕೇಳಿ, 256 ಜಿಬಿ ಸಾಕು.

ರ‍್ಯಾಮ್ ಕೊಳ್ಳುವುದಾದರೆ ಡಿಡಿಆರ್3ಎಲ್, 1.35 ವೋಲ್ಟ್. ಕೊನೆಯ 'ಎಲ್' ಮರೆಯಬೇಡಿ. 1.5 ವೋಲ್ಟಿನದೂ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಯಂತ್ರ ಏಳದೆ ಹೋಗಬಹುದು. ಡಿಡಿಆರ್4 ಕೂರುವುದೇ ಇಲ್ಲ, ಒತ್ತಿ ಮುರಿಯಬೇಡಿ. ಬ್ಯಾಟರಿ ತೆಗೆದು, ರ‍್ಯಾಮಿನ ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಬದಿಯ ಕೊಂಡಿ 'ಟಕ್' ಎನ್ನಬೇಕು.

ಹಳೇಮಗ್ಗ:
ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಡಿಟಿಪಿಗೆ ಇದನ್ನು ಓಡಿಸಿ. ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ. ತೆಗೆದ ಡಿಸ್ಕಿನಲ್ಲಿ ಗಿರಾಕಿಗಳ ಕಡತಗಳಿರುತ್ತವೆ, ಒಂದೆರಡು ತಿಂಗಳು ಅಳಿಸಬೇಡಿ.

ಅಡಿಕೆಚೀಲ:
ಎಸ್‌ಎಸ್‌ಡಿ ಕೂರಿಸಿದೆವು. ಭಾವನ ಮಗ ಹಳೆಯ ವಿಂಡೋಸನ್ನೇ ನಕಲು ಮಾಡಿಕೊಟ್ಟ. ಗುಡಿಸಲು ಪೊರಕೆ ಹಿಡಿಯುವಷ್ಟರಲ್ಲಿ ತೆರೆ ಸಿದ್ಧ! ಆಸೆ ಹೆಚ್ಚಿ ಇನ್ನೊಂದು 4 ಜಿಬಿ ರ‍್ಯಾಮನ್ನೂ ಹಾಕಿಸಿದೆ. ಆದರೆ 8 ಜಿಬಿ ಇದ್ದರೂ ಬಳಕೆಗೆ ಸಿಗುವುದು ಮೂರು ಚಿಲ್ಲರೆ ಎಂದು ತೋರಿಸುತ್ತಿದೆ. ಪಟ್ಟಿ ಕೆಟ್ಟದ್ದೇ?

ತಿರುಪು:
ಪಟ್ಟಿ ಸರಿಯಿದೆ. ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಮ್ ಟೈಪ್' ನೋಡಿ. 32 ಬಿಟ್ ಎಂದಿದ್ದರೆ ಆ ವಿಂಡೋಸ್ 4 ಜಿಬಿಯ ಆಚೆಗೆ ಕೈ ಚಾಚುವುದಿಲ್ಲ. 64 ಬಿಟ್ಟಿನದನ್ನು ಹೊಸದಾಗಿಯೇ ಹಾಕಬೇಕು, ಮೇಲಿಂದ ಮೇಲೆ ಏರಿಸಲು ಬರುವುದಿಲ್ಲ. ಅದಕ್ಕೂ ಮುಂಚೆ ನಿಮ್ಮ ಪ್ರಿಂಟರಿಗೆ 64 ಬಿಟ್ ಡ್ರೈವರ್ (ಪ್ರಿಂಟರನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶ) ಇದೆಯೇ ನೋಡಿಕೊಳ್ಳಿ.

ಅಡಿಕೆಚೀಲ:
32 ಎಂದೇ ಇದೆ. ಪ್ರಿಂಟರಿನದು ಸಿಕ್ಕಿತು. ಭಾನುವಾರ ಬಾಗಿಲು ಅರ್ಧ ಎಳೆದುಕೊಂಡು ಕೂರುತ್ತೇನೆ.