ಹೊಳೇಲಿ ಚಿನ್ನ ತೊಳೆದರೆ ಕಾಡಿನ ಹಕ್ಕಿಗೆ ಪಾದರಸ ಸೇರೋದು ಹೇಗೆ?

ಹಕ್ಕಿನೋಟ_ತೀರ್ಥಹಳ್ಳಿ:
ಪೆರು ದೇಶದ ಮಾದ್ರೆ ದೆ ದಿಯೋಸ್ ಪ್ರಾಂತ್ಯದ ಸಣ್ಣ ಚಿನ್ನದ ಗಣಿಗಳ ಬಗ್ಗೆ ಓದ್ತಾ ಇದ್ದೆ. ಹೊಳೆಗೆ ಬಿದ್ದ ಪಾದರಸ ಮೀನಿಗೆ, ಮೀನಿಂದ ನೀರುನಾಯಿಗೆ ಹೋಗುತ್ತೆ ಅನ್ನೋದು ಅರ್ಥ ಆಯ್ತು. ಆದ್ರೆ ಅಲ್ಲಿ ಲೋಸ್ ಅಮಿಗೋಸ್ ಅನ್ನೋ ಸಂರಕ್ಷಿತ ಕಾಡಿನೊಳಗಿನ ಪುಟ್ಟ ಹಕ್ಕಿಗಳಲ್ಲೂ ಪಾದರಸ ಜಾಸ್ತಿ ಇದೆಯಂತೆ. ಹುಳ ಹೆಕ್ಕಿ ತಿನ್ನೋ ಹಕ್ಕಿ ಮೀನು ಮುಟ್ಟೋದೇ ಇಲ್ಲವಲ್ಲ? ಗೊತ್ತಿರೋರು ದಯವಿಟ್ಟು ಹೇಳಿ.

ಬಂಗಾರಪೇಟೆ_ಟೀಚರ್:
ಸರ್, ನಾನು ಕೆಮಿಸ್ಟ್ರಿ ಪಾಠ ಮಾಡೋಳು. ನೀವು ಹೊಳೆ ಕಡೆ ನೋಡ್ತಿದ್ದೀರಿ, ಸ್ವಲ್ಪ ಹೊಗೆ ಕಡೆ ನೋಡಿ.

ಅಲ್ಲಿ ಚಿನ್ನ ಇರೋದು ಮರಳಲ್ಲಿ, ಹಿಟ್ಟಿನಷ್ಟು ಸಣ್ಣ ಕಣವಾಗಿ. ತೊಳೆದು ಉಳಿದ ಕರಿ ಮರಳಿಗೆ ಪಾದರಸ ಹಾಕಿ ಕಲಸ್ತಾರೆ. ಪಾದರಸ ಚಿನ್ನದ ಕಣಗಳನ್ನೆಲ್ಲ ಹಿಡ್ಕೊಂಡು ಮುದ್ದೆ ಆಗುತ್ತೆ. ಅದನ್ನ ಕಾಯಿಸಿದ್ರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತೆ. ಆ ಆವಿ ಎಲ್ಲಿಗೆ ಹೋಯ್ತು ಅನ್ನೋದೇ ನಿಮ್ಮ ಪ್ರಶ್ನೆಗೆ ಉತ್ತರ.

ಗಾಳೀಲಿ ತೇಲಿ ಬಂದ ಪಾದರಸವನ್ನ ಮರದ ಎಲೆಗಳು ಹಿಡ್ಕೊಳ್ತವೆ. ಮಳೆ ಬಂದಾಗ ಎಲೆ ಮೇಲಿಂದ ತೊಳೆದು ಇಳಿಯುತ್ತೆ, ಎಲೆ ಉದುರಿದಾಗ ಅದರ ಜೊತೆಗೇ ನೆಲ ಸೇರುತ್ತೆ. ಒದ್ದೆ ನೆಲದ ಸೂಕ್ಷ್ಮಜೀವಿಗಳು ಅದನ್ನ ಮೀಥೈಲ್ ಪಾದರಸ ಮಾಡ್ತವೆ, ಅಂದ್ರೆ ಜೀವಿಗಳ ಮೈಯಲ್ಲಿ ಸುಲಭವಾಗಿ ಸೇರಿ ಉಳಿಯೋ ವಿಷದ ರೂಪ. ಅಲ್ಲಿಂದ ಹುಳಕ್ಕೆ, ಹುಳ ತಿನ್ನೋ ಜೇಡಕ್ಕೆ, ಜೇಡ ತಿನ್ನೋ ಹಕ್ಕಿಗೆ. ಪ್ರತಿ ಮೆಟ್ಟಿಲಿಗೂ ಸಾಂದ್ರತೆ ಏರ್ತಾ ಹೋಗುತ್ತೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೋಸ್ ಅಮಿಗೋಸ್ ಹಕ್ಕಿಗಳಲ್ಲಿ, ಗಣಿಯಿಂದ ದೂರದ ಕಾಡಿನ ಹಕ್ಕಿಗಳಿಗಿಂತ ಸರಾಸರಿ 2ರಿಂದ 12 ಪಟ್ಟು ಪಾದರಸ ಇತ್ತು.

ನನಗೆ ಸಂಕಟ ಆಗೋದು ಇಲ್ಲೇ. ಕಾಡು ಎಷ್ಟು ದಟ್ಟವಾಗಿದ್ರೆ ಅಷ್ಟು ಎಲೆ, ಅಷ್ಟೇ ಹೆಚ್ಚು ಪಾದರಸ. ಕಡಿಯದೆ ಕಾಪಾಡಿಕೊಂಡು ಬಂದ ಕಾಡೇ ಹೆಚ್ಚು ವಿಷ ಕುಡೀತಿದೆ.

ಹಕ್ಕಿನೋಟ_ತೀರ್ಥಹಳ್ಳಿ:
ಥ್ಯಾಂಕ್ಸ್ ಮೇಡಂ. ಇದರಿಂದ ಹಕ್ಕಿ ಸಾಯುತ್ತಾ?

ಬಂಗಾರಪೇಟೆ_ಟೀಚರ್:
ದಿಢೀರ್ ಅಂತ ಸತ್ತು ಬೀಳೋದು ಕಡಿಮೆ, ಮರಿ ಮಾಡೋದು ಕಷ್ಟ ಆಗುತ್ತೆ. ಅಮೆರಿಕದ ವರ್ಜೀನಿಯಾದಲ್ಲಿ ಸೌತ್ ರಿವರ್ ಅಂತ ಒಂದು ನದಿ ಇದೆ, ಹಳೇ ಕಾರ್ಖಾನೆಯ ಪಾದರಸ ಸೇರಿದ್ದು. ಅದರ ದಡದ ಕೆರೋಲಿನಾ ರೆನ್ ಹಕ್ಕಿಗಳಲ್ಲಿ ಗೂಡು ಕಟ್ಟಿ ಮರಿ ಹಾರಿಸೋದೇ ಕಮ್ಮಿಯಾಗಿತ್ತು. ಜೇಡದಿಂದ ಹಕ್ಕಿಗೆ ಪಾದರಸ ಹೋಗೋದನ್ನ 2008ರಲ್ಲಿ ತೋರಿಸಿಕೊಟ್ಟಿದ್ದೂ ಅಲ್ಲೇ.

ಅಕ್ಕಸಾಲಿ_ಮನೆಯವ:
ಅಕ್ಕ, ಓದಿ ಮೈ ಝುಮ್ ಅಂತು. ನಾನು ಚಿಕ್ಕವನಿದ್ದಾಗ ನಮ್ಮ ಅಂಗಡಿಯ ಕಸ ಗುಡಿಸಿಟ್ಟಿದ್ದನ್ನ ಒಬ್ಬರು ಕೊಂಡು ಹೋಗಿ ತೊಳೀತಿದ್ರು. ಪಾದರಸ ಹಾಕಿ ಕೈಯಲ್ಲೇ ತಿಕ್ಕಿ, ಪಂಚೆ ಬಟ್ಟೇಲಿ ಹಾಕಿ ಹಿಂಡೋರು. ಬಟ್ಟೆಯ ಎಳೆ ಎಳೆ ಮಧ್ಯದಿಂದ ಬೆಳ್ಳಿ ಹನಿ ಉದುರಿ, ಒಳಗೆ ಕಡಲೆಕಾಳಿನಷ್ಟು ಗಟ್ಟಿ ಉಂಡೆ ಉಳೀತಿತ್ತು. ಅದನ್ನ ಮೂಸೇಲಿಟ್ಟು ಇದ್ದಿಲ ಮೇಲೆ ಊದೋರು, ಮುಖ ಅದರ ಮೇಲೇ ಬಗ್ಗಿಸಿಕೊಂಡು. ಕೈ ನಡುಗ್ತಿತ್ತು ಅವರಿಗೆ, ವಯಸ್ಸು ಅಂದ್ಕೊಂಡಿದ್ವಿ ನಾವು. ಆ ಆವಿ ಹಿಡಿಯೋಕೆ ಏನೂ ದಾರಿ ಇಲ್ವಾ?

ಬಂಗಾರಪೇಟೆ_ಟೀಚರ್:
ಇದೆ ತಮ್ಮ. ರಿಟಾರ್ಟ್ ಅಂತ ಮುಚ್ಚಿದ ಪಾತ್ರೆ, ಅದಕ್ಕೊಂದು ಕೊಳವೆ. ಆವಿ ಕೊಳವೇಲಿ ತಣ್ಣಗಾಗಿ ಮತ್ತೆ ಪಾದರಸವಾಗಿ ಇಳಿಯುತ್ತೆ, ಇನ್ನೊಂದು ಸಲ ಬಳಸಬಹುದು. ಫಿಲಿಪೈನ್ಸಿನ ಬೆಂಗೆಟ್‌ನಲ್ಲಿ ಪಾದರಸ ಬಿಟ್ಟು ಬೊರಾಕ್ಸ್ (ಬಿಳಿಗಾರ) ಹಾಕಿ ಚಿನ್ನ ಕರಗಿಸೋರೂ ಇದ್ದಾರೆ.

ಪಾದರಸದ ಬಳಕೆ ತಗ್ಗಿಸೋಕೆ ದೇಶಗಳು ಮಾಡ್ಕೊಂಡ, 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದ ಪಾದರಸದ ಮುದ್ದೆಯನ್ನ ಬಯಲಲ್ಲಿ ಸುಡೋದನ್ನ ನಿಲ್ಲಿಸಬೇಕು ಅನ್ನುತ್ತೆ, ಪೆರು ಕೂಡ ಅದಕ್ಕೆ ಸೇರಿದೆ. 2019ರ ಫೆಬ್ರವರೀಲಿ ಮಾದ್ರೆ ದೆ ದಿಯೋಸ್‌ನ ಲಾ ಪಾಂಪಾ ಅನ್ನೋ ಜಾಗಕ್ಕೆ ಪೊಲೀಸರು, ಸೈನಿಕರನ್ನ ನುಗ್ಗಿಸಿ ಅಕ್ರಮ ಗಣಿಯವರನ್ನ ಎಬ್ಬಿಸಿದ್ರು. ಆದ್ರೆ ಹೊಟ್ಟೆಪಾಡಿಗೆ ಬಂದವರು ಇನ್ನೊಂದು ಕಡೆ ಹೋಗಿ ಅದೇ ಕೆಲಸ ಮಾಡ್ತಾರೆ. ಅವರ ಕೈಗೆ ರಿಟಾರ್ಟ್ ಕೊಟ್ಟು, ಪರವಾನಗಿ ಕೊಟ್ಟು, ಪಾದರಸ ಮಾರೋ ದಲ್ಲಾಳಿಗಳನ್ನ ಮೊದಲು ಹಿಡೀಬೇಕು ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಕಡೆ ಈಗಲೂ ಯಾರಾದ್ರೂ ಹಾಗೆ ಸುಡ್ತಿದ್ರೆ, ಮಕ್ಕಳನ್ನ, ಬಸುರಿ ಹೆಂಗಸರನ್ನ ಹತ್ತಿರ ಬಿಡಬೇಡಿ.