ಎ.ಎಂ.ಇ. ಕೋರ್ಸಿಗೆ ಗದ್ದೆ ಮಾರಬಹುದಾ?

ನಾಲೆ ಬದು, ಮಂಡ್ಯ: ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ವಿಮಾನ ರಿಪೇರಿ ಮಾಡುವ ಎ.ಎಂ.ಇ. ಓದುತ್ತೇನೆ ಅಂತ ಹಟ. ಮೊನ್ನೆ ಒಂದು ಸಂಸ್ಥೆಯ ಏಜೆಂಟ್ ಮನೆಗೇ ಬಂದಿದ್ದ. "ಎರಡೇ ವರ್ಷ, ಲೈಸೆನ್ಸ್ ಕೈಗೆ, ಕೆಲಸ ಗ್ಯಾರಂಟಿ" ಅಂದ. ಫೀಸು ಕಟ್ಟಬೇಕೆಂದರೆ ನಾಲೆ ಪಕ್ಕದ ಅರ್ಧ ಎಕರೆ ಮಾರಬೇಕು. ಗೊತ್ತಿರುವವರು ಹೇಳಿ.

ಕುವೆಂಪುನಗರದ ಮೇಷ್ಟ್ರು: ಸುಮ್ನೆ ಮೆಕ್ಯಾನಿಕಲ್ ಬಿ.ಇ.ಗೆ ಸೇರಿಸಿ. ಮಂಡ್ಯದಲ್ಲೇ ಪಿ.ಇ.ಎಸ್. ಇದೆ, ಮನೆ ಊಟ ಉಂಡು ಓದಬಹುದು. ಬಿ.ಇ.ಗೆ ಹತ್ತು ಬಾಗಿಲು, ಇದಕ್ಕೆ ಒಂದೇ. 2020ರಲ್ಲಿ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕರ ವಿಮಾನವೇ ಹಾರಲಿಲ್ಲ, ನೆನಪಿದೆಯಾ?

ಹ್ಯಾಂಗರ್ ನೈಟ್‌ಶಿಫ್ಟ್: ನಾನು ಮೈಸೂರಿನವನು, ಬೆಂಗಳೂರಿನಲ್ಲಿ ಇದೇ ಕೆಲಸ. ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ಬರೀ ಬಿ.ಇ. ಇಟ್ಟುಕೊಂಡು "ಈ ವಿಮಾನ ಹಾರಬಹುದು" ಅಂತ ಸಹಿ ಹಾಕಲು ಆಗುವುದಿಲ್ಲ. ಅದಕ್ಕೆ ಡಿಜಿಸಿಎ, ಅಂದರೆ ವಿಮಾನ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ, ಕೊಡುವ ಲೈಸೆನ್ಸೇ ಬೇಕು.

ಏಜೆಂಟ್ ನುಂಗಿಕೊಂಡ ಮಾತು ಇಲ್ಲಿದೆ. ಲೈಸೆನ್ಸ್ ಕೊಡುವುದು ಸಂಸ್ಥೆಯಲ್ಲ, ಡಿಜಿಸಿಎ. ಒಂದೊಂದು ಮಾಡ್ಯೂಲ್ ಪರೀಕ್ಷೆಯಲ್ಲೂ ನೂರಕ್ಕೆ 75 ಬರಬೇಕು. 74 ಬಂದರೂ ಫೇಲು. ಮಾನ್ಯತೆ ಇರುವ ಕೋರ್ಸ್ ಮುಗಿಸಿದರೂ, ಹಾರಾಟದಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಆಮೇಲೆ ಟೈಪ್ ಕೋರ್ಸ್, ಅಂದರೆ ಒಂದೊಂದು ಮಾದರಿಯ ವಿಮಾನಕ್ಕೂ ಬೇರೆ ತರಬೇತಿ. ಎ320 ಕಲಿತವನು ಎಟಿಆರ್‌ಗೆ ಸಹಿ ಹಾಕುವ ಹಾಗಿಲ್ಲ. ಏನಿಲ್ಲವೆಂದರೂ ನಾಲ್ಕೈದು ವರ್ಷದ ದಾರಿ.

ನಾಲೆ ಬದು, ಮಂಡ್ಯ: ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನಲ್ಲೇ ಕೆಲಸ ಸಿಗುತ್ತೆ ಅಂದಿದ್ದ ಸರ್.

ಹ್ಯಾಂಗರ್ ನೈಟ್‌ಶಿಫ್ಟ್: ಮಂಡಕಳ್ಳಿಗೆ ಎಟಿಆರ್‌ನಂಥ ಸಣ್ಣ ವಿಮಾನ ಬಂದು, ಜನರನ್ನು ಇಳಿಸಿ ಹತ್ತಿಸಿಕೊಂಡು ವಾಪಸ್ ಹೋಗುತ್ತೆ ಅಷ್ಟೇ. ದೊಡ್ಡ ಕೆಲಸವೆಲ್ಲ ಬೆಂಗಳೂರು, ಹೈದರಾಬಾದ್ ಕಡೆ.

ಲಾಕ್‌ವೈರ್ ಹುಡುಗಿ: ನಾನು ಶ್ರೀರಂಗಪಟ್ಟಣದವಳು. ಕೋರ್ಸ್ ಮುಗಿದಿದೆ, ಎರಡು ಮಾಡ್ಯೂಲ್ ಇನ್ನೂ ಬಾಕಿ. ಓದಿದ ಸಂಸ್ಥೆಯ ಹೆಸರು ಬೇಡ ಬಿಡಿ. ಅಲ್ಲಿನ ಶೆಡ್ಡಿನಲ್ಲಿ ಒಂದು ಹಳೇ ಸೆಸ್ನಾ ಪುಟ್ಟ ವಿಮಾನ, ಟೈರಿನಲ್ಲಿ ಗಾಳಿ ಕೂಡ ಇರಲಿಲ್ಲ. ನಾವು ಓದುತ್ತಿದ್ದದ್ದು ಲೈಸೆನ್ಸಿನ ಬಿ1.1 ವಿಭಾಗ, ಅಂದರೆ ಟರ್ಬೈನ್ ಇಂಜಿನ್ ವಿಮಾನ. ಮುಟ್ಟುತ್ತಿದ್ದದ್ದು ಪಿಸ್ಟನ್ ಇಂಜಿನ್! ಹಿಂದೆ ನಿಂತವರಿಗೆ ಮುಂದಿನವನ ಬೆನ್ನೇ ಕಾಣುತ್ತಿತ್ತು.

ಕಲಿತದ್ದು ವಿಮಾನ ರಿಪೇರಿಯ ಹ್ಯಾಂಗರ್‌ಗೆ ಹೋದ ಮೇಲೆ. ಬೋಲ್ಟ್ ಸಡಿಲ ಆಗದ ಹಾಗೆ ಅದರ ತಲೆಯ ತೂತಿನಲ್ಲಿ ತಂತಿ ಪೋಣಿಸಿ, ಜಡೆ ಹೆಣೆದ ಹಾಗೆ ಹುರಿ ಹಾಕಿ, ಪಕ್ಕದ ಬೋಲ್ಟಿಗೆ ಕಟ್ಟಬೇಕು. ಬೋಲ್ಟ್ ಬಿಚ್ಚಿಕೊಳ್ಳಲು ಹೋದರೆ ತಂತಿ ಅದನ್ನು ಬಿಗಿಯುವ ಕಡೆಗೆ ಎಳೀಬೇಕು. ನಾನು ಉಲ್ಟಾ ಕಟ್ಟಿದ್ದೆ. ಸೀನಿಯರ್ ಒಂದು ಮಾತೂ ಬೈಯಲಿಲ್ಲ. ಕಟರ್ ತಂದು ಕಚಕ್ ಅಂತ ಕತ್ತರಿಸಿ "ಇನ್ನೊಂದ್ಸಲ" ಅಂದರು. ಏಳು ಸಲ ಕತ್ತರಿಸಿದರು.

ಕುವೆಂಪುನಗರದ ಮೇಷ್ಟ್ರು: ತಂತಿ ಕಟ್ಟೋದು ಕಲಿಯಲು ಗದ್ದೆ ಮಾರಬೇಕಾ ತಾಯಿ?

ಹ್ಯಾಂಗರ್ ನೈಟ್‌ಶಿಫ್ಟ್: ಮೇಷ್ಟ್ರೇ, 1990ರ ಜೂನ್ 10. ಬ್ರಿಟಿಷ್ ಏರ್‌ವೇಸ್ ವಿಮಾನದ ಪೈಲಟ್ ಮುಂದಿನ ಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ಮೈ ಹೊರಗೆ. ಒಳಗಿನವರು ಕಾಲು ಹಿಡಿದುಕೊಂಡೇ ಇದ್ದರು, ಜೊತೆ ಪೈಲಟ್ ಇಳಿಸಿದರು, ಪುಣ್ಯಕ್ಕೆ ಕ್ಯಾಪ್ಟನ್ ಬದುಕಿದರು. ಕಾರಣ ಏನು ಗೊತ್ತಾ? ಆ ಗಾಜಿನ 90 ಬೋಲ್ಟುಗಳಲ್ಲಿ 84 ಒಂಚೂರು ಸಪೂರ. ಒಂದು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ! ರಾತ್ರಿ ಪಾಳಿಯಲ್ಲಿ ಗಾಜು ಬದಲಿಸಿದವರು ಪುಸ್ತಕ ನೋಡದೆ ಹಳೇ ಬೋಲ್ಟಿನ ಜೊತೆ ಕಣ್ಣಳತೆಯಲ್ಲೇ ಹೊಂದಿಸಿದ್ದರು. ನಾವು ಕಟ್ಟುವುದು ಬರೀ ತಂತಿಯಲ್ಲ.

ಕುವೆಂಪುನಗರದ ಮೇಷ್ಟ್ರು: ಆ ಮಾತು ವಾಪಸ್ ತಗೊಂಡೆ. ಗದ್ದೆ ಮಾರಬೇಡಿ ಅನ್ನೋ ಮಾತು ಮಾತ್ರ ವಾಪಸ್ ಇಲ್ಲ.

ಹೆಬ್ಬಾಳದ ಮಾಜಿ ಏರ್‌ಮನ್: ನಾನು ಏರ್‌ಫೋರ್ಸಿನಲ್ಲಿ ಸಂಬಳ ತಗೊಂಡೇ ಈ ಕೆಲಸ ಕಲಿತವನು. ಈಗ ಅಗ್ನಿವೀರ್ ಆಗಿ ಸೇರಿದರೆ ನಾಲ್ಕು ವರ್ಷ. ನೂರಕ್ಕೆ 25ರವರೆಗೆ ಮಾತ್ರ ಮುಂದುವರಿಸುತ್ತಾರೆ. ಹಾಗಾಗಿ ಅದನ್ನೂ ಕಣ್ಮುಚ್ಚಿ ಸೇರಿ ಅನ್ನಲಾರೆ. ಏಜೆಂಟನ್ನು ಕೇಳಿ: ಸಂಸ್ಥೆಗೆ ಡಿಜಿಸಿಎಯ ಸಿಎಆರ್-147 ಮಾನ್ಯತೆ, ಅಂದರೆ ಈ ತರಬೇತಿ ಕೊಡಲು ಅನುಮತಿ, ಯಾವ ವಿಭಾಗಕ್ಕಿದೆ? ಹೋದ ಬ್ಯಾಚಿನಲ್ಲಿ ಎಲ್ಲ ಮಾಡ್ಯೂಲ್ ಪಾಸಾದವರು ಎಷ್ಟು ಜನ? ಆ ಎರಡು ವರ್ಷದ ಕೆಲಸದ ಅನುಭವ ಯಾರು ಕೊಡಿಸುತ್ತಾರೆ?

ನಾಲೆ ಬದು, ಮಂಡ್ಯ: ಈಗ ಫೋನ್ ಮಾಡಿ ಕೇಳಿದೆ. ಮೊದಲನೆಯದಕ್ಕೆ "ಆಫೀಸಿಗೆ ಬನ್ನಿ" ಅಂದ. ಎರಡನೆಯದಕ್ಕೆ "ಸಿಗ್ನಲ್ ಸಿಗ್ತಿಲ್ಲ ಅಣ್ಣಾ" ಅಂದ. ಮೂರನೆಯದು ಕೇಳುವಷ್ಟರಲ್ಲಿ ಕಟ್.

ಲಾಕ್‌ವೈರ್ ಹುಡುಗಿ: ಅಂಕಲ್, ಭಾನುವಾರ ಊರಲ್ಲೇ ಇರುತ್ತೇನೆ. ಮಗನನ್ನು ಕರೆದುಕೊಂಡು ಬನ್ನಿ. ಮನೆಯಲ್ಲಿ ಪ್ರಾಕ್ಟೀಸ್ ತಂತಿ, ಇಕ್ಕಳ ಎರಡೂ ಇವೆ.

ನಾಲೆ ಬದು, ಮಂಡ್ಯ: ಬರ್ತೀವಿ ಕಣಮ್ಮ. ಕಟರ್ ನನ್ನ ಕೈಗೆ ಕೊಡು.