ಅಪ್ಪನ ಬಿಪಿ ವಯಸ್ಸಿಂದಾ, ಟೆನ್ಷನ್ನಿಂದಾ?

ಕೇಳಿದ್ದು (ದಾವಣಗೆರೆ, ವಿದ್ಯಾನಗರ): ಅಪ್ಪನಿಗೆ 67. ಕ್ಲಿನಿಕ್‌ನಲ್ಲಿ 166/78 ಬಂತು. ತಂಗಿ ಮದುವೆಯ ಸಾಲ ತಲೆಯಲ್ಲಿದೆ. "ಸಾಲ ತೀರಿದರೆ ಬಿಪಿನೂ ಇಳಿಯುತ್ತದೆ, ಮಾತ್ರೆ ಯಾಕೆ" ಅನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಹೇಗಾಯಿತು?

ಒಬ್ಬ ಅಕ್ಕ: ನಮ್ಮಮ್ಮನಿಗೂ ಮೇಲಿನ ನಂಬರ್ ಮಾತ್ರ ಜಾಸ್ತಿ ಇತ್ತು. ಕೆಳಗಿನದು ಸರಿ ಇದೆಯಲ್ಲ ಅಂತ ಎರಡು ವರ್ಷ ಸುಮ್ನೆ ಇದ್ದೆವು. ತಪ್ಪು ನಮ್ಮದೇ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಗಡುಸಾಗುತ್ತವಂತೆ. ಅಡಿಕೆ ತೋಟದಲ್ಲಿ ಬಿಸಿಲಿಗೆ ಬಿದ್ದ ಹಳೇ ಪೈಪ್ ನೋಡಿದ್ದೀರಲ್ವಾ, ಹಾಗೆ. ಹೃದಯ ರಕ್ತ ತಳ್ಳಿದಾಗ ನಾಳ ಹಿಗ್ಗುವುದಿಲ್ಲ, ಮೇಲಿನದು ಏರುತ್ತದೆ. ಕೆಳಗಿನದು 50–60 ದಾಟಿದ ಮೇಲೆ ಇಳಿಯುವುದೂ ಉಂಟು. ಮೇಲಿನದೊಂದೇ 140 ದಾಟುತ್ತಿದ್ದರೂ ಅದು ಬಿಪಿನೇ.

ಬಟ್ಟೆ ಅಂಗಡಿಯವರು: ನನಗೆ 48. ಗಿರಾಕಿ ಜೊತೆ ಜಗಳ ಆಡಿ ಬಂದು ನೋಡಿಕೊಂಡರೆ 160. ಅರ್ಧ ಗಂಟೆ ಬಿಟ್ಟು 138. ಸಿಟ್ಟು, ಗಾಬರಿ ಬಂದಾಗ ಅಡ್ರಿನಲಿನ್ ಸುರಿಯುತ್ತದೆ, ಎದೆಬಡಿತ ಜೋರಾಗುತ್ತದೆ, ನಾಳ ಬಿಗಿಯುತ್ತದೆ. ಆಮೇಲೆ ಇಳಿಯುತ್ತದೆ. ಆದರೆ ನನ್ನನ್ನು ಕೆಡಿಸಿದ್ದು ಟೆನ್ಷನ್ ಜೊತೆ ಬಂದ ಪರಿವಾರ: ನಿದ್ದೆ ಇಲ್ಲ, ಸಿಗರೇಟು, ದಿನಾ ಸಂಜೆ ಮಂಡಕ್ಕಿ ಮೆಣಸಿನಕಾಯಿ, ಮನೆಯಲ್ಲಿ ಉಪ್ಪಿನಕಾಯಿ. ಸಾಲ ಕಳೆದ ವರ್ಷವೇ ತೀರಿತು. ಬಿಪಿ ತೀರಲಿಲ್ಲ! ಈಗ ಮಾತ್ರೆ ಇದೆ, ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡಿಗೆ ಇದೆ. ಬೆಣ್ಣೆ ದೋಸೆ ಭಾನುವಾರಕ್ಕೆ ಮಾತ್ರ. ಅದನ್ನೂ ಬಿಡು ಅಂದರೆ ಊರೇ ಬಿಡಬೇಕಾಗುತ್ತದೆ.

ನಿವೃತ್ತ ನರ್ಸ್: ವಯಸ್ಸೋ ಟೆನ್ಷನ್ನೋ ಅಂತ ಜಗಳ ಬೇಡ, ತಮ್ಮಾ. ಎರಡೂ ಇರಬಹುದು. ಬಿಳಿ ಕೋಟು ನೋಡಿದರೇ ಏರುವವರೂ ಇದ್ದಾರೆ. ಅದಕ್ಕೇ ಮನೆಯಲ್ಲಿ ಅಳೆಯಿರಿ. ತೋಳಿಗೆ ಕಟ್ಟುವ ಮೆಷಿನ್ ಇರಲಿ. ಅರ್ಧ ಗಂಟೆ ಮೊದಲಿಂದ ಚಹಾ, ಬೀಡಿ ಬೇಡ. ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ. ಮಾತು ಬೇಡ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಬರೆದಿಡಿ. ಮನೆಯ ಸರಾಸರಿ 135/85 ದಾಟಿದರೆ ಜಾಸ್ತಿ ಎಂದೇ ಲೆಕ್ಕ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ, ಮಾತ್ರೆ ಬೇಕೋ ಬೇಡವೋ ಅವರು ಹೇಳಲಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಕೇಳಿದವರು, ಮರುದಿನ: ಮೆಷಿನ್ ತಂದೆ. ಮೊದಲ ಸಲ 158/76. ಆದರೆ ಪಟ್ಟಿ ಉಬ್ಬುವಾಗಲೇ ಅಪ್ಪ ಛತ್ರದ ಬಾಕಿ ಮಾತು ತೆಗೆದರು. ಮತ್ತೆ 5 ನಿಮಿಷ ಕೂರಿಸಿದ್ದೇನೆ.